ಮೊದಲ ಮೈಕ್ ಕೊಳ್ಳುವ ಮುನ್ನ
(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೊಫೋನ್ ತಟ್ಟೆಗಾಗಿ ಹಾಡಿದಾಗ ಧ್ವನಿಮುದ್ರಣಕ್ಕೆ ಮೈಕ್ ಬಂದಿರಲಿಲ್ಲ. ಕಹಳೆಯಂಥ ದೊಡ್ಡ ಕೊಳವೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ಮೈಕ್ ಬಳಸುವ ವಿದ್ಯುತ್ ಮುದ್ರಣ ಆರಂಭವಾದದ್ದು 1925ರಲ್ಲಿ. ನಮ್ಮ ಮೈಸೂರಿನಲ್ಲಿ ಆಸ್ಥಾನ ಕಲಾವಿದೆಯಾಗಿದ್ದ ಅವರು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಆದರೆ ದನಿ ಉಳಿಯಿತು.

ಈಗ ನಮ್ಮ ಸಭೆಗಳನ್ನು ನೋಡಿ. ಕವ್ವಾಲಿ, ಗಜಲ್, ಮಕ್ಕಳ ಸಮೂಹಗಾನ ಎಲ್ಲವೂ ನಡೆಯುತ್ತವೆ. ಹಿಂದಿನ ಸಾಲಿನಿಂದ ಫೋನ್ ಎತ್ತಿ ಹಿಡಿದ ಮುದ್ರಣದಲ್ಲಿ ಫ್ಯಾನಿನ ಸದ್ದೂ ಚಪ್ಪಾಳೆಯೂ ಮಾತ್ರ ಕೇಳುತ್ತವೆ. ಇಂದು ಹಾಡಿದ ಹಿರಿಯ ಗಾಯಕರು ಮುಂದಿನ ವರ್ಷ ವೇದಿಕೆಗೆ ಬರುವರೆಂದು ಹೇಳುವವರಾರು? ಆದ್ದರಿಂದ ಮೈಕ್ ಕೊಳ್ಳಹೊರಟ ವಿದ್ಯಾರ್ಥಿಗಳೇ, ಬೆಲೆ ಕೇಳುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು: ಎಷ್ಟು ದೂರದಿಂದ ಮುದ್ರಿಸುತ್ತೀರಿ? ಭಾಷಣಕಾರರು ಕೈಯಲ್ಲಿ ಹಿಡಿಯುವುದು ಸಾಮಾನ್ಯವಾಗಿ ಡೈನಾಮಿಕ್ ಮೈಕ್. ಗಟ್ಟಿಮುಟ್ಟು, ಕೆಳಗೆ ಬಿದ್ದರೂ ತಡೆಯುತ್ತದೆ. ಆದರೆ ಅದು ಬಾಯಿಯ ಹತ್ತಿರ ಇದ್ದರಷ್ಟೇ ಚೆನ್ನ. ಹತ್ತು ಅಡಿ ದೂರದ ಇಡೀ ತಂಡದ ಸೂಕ್ಷ್ಮ ನಾದ ಹಿಡಿಯಲು ಕಂಡೆನ್ಸರ್ ಮೈಕ್ ಬೇಕು.

ಎರಡನೆಯದು: ಯಾವ ದಿಕ್ಕಿನ ಸದ್ದು ಬೇಕು? ಓಮ್ನಿ ಮೈಕ್ ಸುತ್ತಲಿನ ಎಲ್ಲ ಸದ್ದನ್ನೂ ಎಳೆದುಕೊಳ್ಳುತ್ತದೆ. ಕಾರ್ಡಿಯಾಯ್ಡ್ ಮೈಕ್ ಮುಂದಿನದನ್ನು ಹೆಚ್ಚಾಗಿ, ಹಿಂದಿನದನ್ನು ಅತಿ ಕಡಿಮೆಯಾಗಿ ಗ್ರಹಿಸುತ್ತದೆ. ಪ್ರತಿಧ್ವನಿಸುವ ನಮ್ಮ ಸಭಾಂಗಣಗಳಿಗೆ ಇದೇ ಲೇಸು. ಅದರ ಬೆನ್ನು ಸಭಿಕರತ್ತ ಇರಲಿ.

ಮೂರನೆಯದು: ಅದಕ್ಕೆ ವಿದ್ಯುತ್ ಎಲ್ಲಿಂದ? ದೊಡ್ಡ ಕಂಡೆನ್ಸರ್ ಮೈಕ್‌ಗಳಿಗೆ ಸಾಮಾನ್ಯವಾಗಿ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು. ಅದನ್ನು ಮಿಕ್ಸರ್ ಅಥವಾ ರೆಕಾರ್ಡರ್ ಒದಗಿಸಬೇಕು. ಇದನ್ನು ವಿಚಾರಿಸದೆ ಕೊಂಡ ಮೈಕ್ ಮನೆಗೆ ಬಂದ ಮೇಲೆ ಮೂಕವಾಗುತ್ತದೆ.

ಹೊಸಬರಿಗೆ ನನ್ನ ಸಲಹೆ ಇಷ್ಟೇ: ಬಿಡಿ ಮೈಕ್‌ಗೆ ಬದಲು, ಎರಡು ಕಂಡೆನ್ಸರ್ ಮೈಕ್‌ಗಳನ್ನು ತನ್ನಲ್ಲೇ ಹೊಂದಿರುವ, ಬ್ಯಾಟರಿಯಿಂದ ನಡೆಯುವ ಕೈರೆಕಾರ್ಡರ್ ಕೊಳ್ಳಿ. ಜೊತೆಗೊಂದು ಸ್ಟ್ಯಾಂಡ್, ಒಂದು ಇಯರ್‌ಫೋನ್ ಇರಲಿ. ಒಬ್ಬರಿಗೆ ದುಬಾರಿಯಾದರೆ ನಾಲ್ವರು ಸೇರಿ, ಇಲ್ಲವೇ ಶಾಲೆಯೇ ಕೊಳ್ಳಬಹುದು.

ಆದರೆ ಮೈಕ್‌ಗಿಂತ ಅದನ್ನಿಡುವ ಜಾಗ ದೊಡ್ಡದು. ದೂರ ಇಮ್ಮಡಿಯಾದರೆ ಗಾಯಕರಿಂದ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳ ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಹಿಂದಿನ ಸಾಲಿನ ಮುದ್ರಣ ಗೊಜಲಾಗುವುದು ಇದರಿಂದಲೇ. ವೇದಿಕೆಯ ಮುಂದೆ ಆರೇಳು ಅಡಿ ದೂರದಲ್ಲಿ, ಕೇಳುಗರ ತಲೆಗಿಂತ ಎತ್ತರಕ್ಕೆ ರೆಕಾರ್ಡರ್ ನಿಲ್ಲಿಸಿ. ಧ್ವನಿವರ್ಧಕದ ಎದುರಿಗೆ ಬೇಡ.

ಕಾರ್ಯಕ್ರಮಕ್ಕೆ ಮುನ್ನವೇ ಹೋಗಿ, ಅತಿ ಜೋರಾದ ಭಾಗವನ್ನು ಹಾಡಿಸಿ ಪರೀಕ್ಷಿಸಿ. ಮೀಟರಿನ ಮುಳ್ಳು ಮೈನಸ್ 12ರ ಆಸುಪಾಸಿನಲ್ಲಿರಲಿ. ಮೆಲ್ಲಗಿನ ಮುದ್ರಣವನ್ನು ಆಮೇಲೆ ಏರಿಸಬಹುದು. ಮಿತಿ ಮೀರಿ ಒಡೆದ ದನಿಯನ್ನು ಮೊದಲಿನಂತೆ ಮಾಡಲಾಗದು. 24 ಬಿಟ್ ವೇವ್ ಕಡತವಾಗಿ ಮುದ್ರಿಸಿದರೆ ಗಂಟೆಗೆ ಸುಮಾರು ಒಂದು ಜಿಬಿ ಜಾಗ ಬೇಕು. ಆ ರಾತ್ರಿಯೇ ಇನ್ನೊಂದು ಕಡೆ ಪ್ರತಿ ಮಾಡಿಡಿ. ದಿನಾಂಕ, ಸ್ಥಳ, ಕಲಾವಿದರ ಹೆಸರು ಬರೆಯಿರಿ. ಮುಖ್ಯವಾಗಿ, ಮುದ್ರಿಸುವ ಮುನ್ನ ಕಲಾವಿದರ ಅನುಮತಿ ಪಡೆಯಿರಿ. ಹಾಡು ಅವರ ಸೊತ್ತು.

ವಿದ್ಯಾರ್ಥಿಗಳೇ, ನಮ್ಮೂರಿನ ಹಿರಿಯ ಗಾಯಕರನ್ನು ಮುದ್ರಿಸಲು ದೊಡ್ಡ ಕಂಪನಿ ಯಾವುದೂ ಬರುವುದಿಲ್ಲ. ಆ ಕೆಲಸ ನಿಮ್ಮದು.