ಬಲರೇಖೆಗಳು ತಿರುಗುವುವೇ?

ವಾಡಿ ಜಂಕ್ಷನ್ನಿನಲ್ಲಿ ನಿಂತ ಗಾಡಿಯೊಳಗೆ ಕುಳಿತವರಿಗೆಲ್ಲ ಒಂದು ಅನುಭವವುಂಟು. ಪಕ್ಕದ ಹಳಿಯ ಗಾಡಿಯು ಮೆಲ್ಲನೆ ಹೊರಟರೆ, ಹೊರಟಿರುವುದು ನಮ್ಮದೇ ಎಂದು ತೋರುವುದು. ಚಲನೆಯು ಒಂದಕ್ಕೊಂದರ ಸಂಬಂಧದಿಂದ ತಿಳಿಯತಕ್ಕದ್ದು. ವಿದ್ಯುತ್ ಪ್ರೇರಣೆಯಲ್ಲಿಯೂ ಇದೇ ಸೂತ್ರವನ್ನು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುತ್ತೇವೆ: ಅಯಸ್ಕಾಂತವನ್ನು ತಂತಿಯ ಸುರುಳಿಯ ಬಳಿಗೆ ಒಯ್ದರೂ, ಸುರುಳಿಯನ್ನು ಅಯಸ್ಕಾಂತದ ಬಳಿಗೆ ಒಯ್ದರೂ ಪ್ರವಾಹವೊಂದೇ. ನೇರ ಚಲನೆಗೆ ಈ ಮಾತು ಸತ್ಯ, ಆವರ್ತನಕ್ಕೆ ಸಾಲದು.

ಸೇಡಂ, ಚಿಂಚೋಳಿಗಳ ಮನೆಗಳಲ್ಲಿ ಜೋಳ ಬೀಸುತ್ತಿದ್ದ ಬೀಸುಕಲ್ಲನ್ನು ನೆನೆಯೋಣ. ಮೇಲಿನ ಕಲ್ಲು ತಾಮ್ರದ ತಟ್ಟೆ. ಕೆಳಗಿನದು ದುಂಡನೆಯ ಅಯಸ್ಕಾಂತ, ಅದರ ಮೇಲ್ಮೈ ಒಂದು ಧ್ರುವ, ಕೆಳಮೈ ಇನ್ನೊಂದು. ತಟ್ಟೆಯ ನಡುವಿಗೂ ಅಂಚಿಗೂ ತಾಗುವಂತೆ ತಂತಿಯನ್ನಿಟ್ಟು ಪ್ರವಾಹಮಾಪಕವನ್ನು ಸೇರಿಸೋಣ. ತಟ್ಟೆ ಮಾತ್ರ ತಿರುಗಿದರೆ ಮುಳ್ಳು ಕದಲುತ್ತದೆ. ಅಯಸ್ಕಾಂತ ಮಾತ್ರ ತಿರುಗಿದರೆ ಕದಲುವುದಿಲ್ಲ. ಎರಡೂ ಕೂಡಿ ತಿರುಗಿದರೆ, ಅವುಗಳ ನಡುವೆ ಚಲನೆಯೇ ಇಲ್ಲದಿದ್ದರೂ, ಮುಳ್ಳು ಮತ್ತೆ ಕದಲುತ್ತದೆ!

1831ರಲ್ಲಿ ಇಂತಹ ತಟ್ಟೆಯಿಂದ ಪ್ರವಾಹವನ್ನು ಪಡೆದ ಮೈಕೇಲ್ ಫ್ಯಾರಡೆಯು, ಅಯಸ್ಕಾಂತವು ತಿರುಗಿದರೂ ಅದರ ಬಲರೇಖೆಗಳು ತಿರುಗುವುದಿಲ್ಲವೆಂದು ನಿರ್ಧರಿಸಿದನು. ರೇಖೆಗಳು ಅಯಸ್ಕಾಂತಕ್ಕೆ ಅಂಟಿಕೊಂಡೇ ತಿರುಗುವುವೆಂದು ಬೇರೆ ಕೆಲವರು ವಾದಿಸಿದರು. ಹಾಗಾದರೆ ಎರಡೂ ಕೂಡಿ ತಿರುಗುವಾಗ ರೇಖೆಗಳು ತಟ್ಟೆಯನ್ನಲ್ಲ, ಹೊರಗಿನ ತಂತಿಯನ್ನು ಕತ್ತರಿಸುತ್ತವೆ. ಪ್ರವಾಹವು ಹುಟ್ಟುವುದು ಅಲ್ಲಿ. ಸ್ವಾರಸ್ಯವೇನೆಂದರೆ, ಪೂರ್ಣವಾಗಿ ಮುಚ್ಚಿದ ಮಂಡಲದಲ್ಲಿ ಎರಡು ವಾದಗಳ ಲೆಕ್ಕವೂ ಒಂದೇ! ಆದುದರಿಂದಲೇ ಈ ವ್ಯಾಜ್ಯವು ಬಹುಕಾಲ ತೀರಲಿಲ್ಲ.

ಇಂದಿನ ವಿಜ್ಞಾನಕ್ಕೆ ಬಲರೇಖೆಗಳು ಗುರುತು ಹಚ್ಚಿ ಹಿಂಬಾಲಿಸಬಹುದಾದ ಎಳೆಗಳಲ್ಲ. ಪ್ರತಿಯೊಂದು ಸ್ಥಳದಲ್ಲಿ ಕಾಂತಕ್ಷೇತ್ರದ ದಿಕ್ಕನ್ನೂ ಪ್ರಮಾಣವನ್ನೂ ತೋರಿಸುವ ಚಿತ್ರ ಮಾತ್ರ. ದುಂಡನೆಯ ಅಯಸ್ಕಾಂತವು ತನ್ನ ಅಚ್ಚಿನ ಮೇಲೆ ತಿರುಗಿದರೆ ಯಾವ ಸ್ಥಳದಲ್ಲಿಯೂ ಕ್ಷೇತ್ರವು ಬದಲಾಗದು. ತಾಮ್ರವು ತಿರುಗಿದರೆ ಅದರೊಳಗಿನ ಎಲೆಕ್ಟ್ರಾನುಗಳು ಕ್ಷೇತ್ರಕ್ಕೆ ಅಡ್ಡಲಾಗಿ ಚಲಿಸಿ, ನಡುವಿನಿಂದ ಅಂಚಿಗೋ ಅಂಚಿನಿಂದ ನಡುವಿಗೋ ತಳ್ಳಲ್ಪಡುತ್ತವೆ. ಇಲ್ಲಿ ಮುಖ್ಯವಾದುದು ತಟ್ಟೆಗೂ ಹೊರತಂತಿಗೂ ನಡುವಣ ಚಲನೆ. 1905ರ ಲೇಖನವನ್ನು ಐನ್‌ಸ್ಟೈನನು ಅಯಸ್ಕಾಂತ ಹಾಗೂ ವಾಹಕಗಳ ಈ ಸಮಸ್ಯೆಯಿಂದಲೇ ಆರಂಭಿಸಿ, ಪ್ರೇರಕಶಕ್ತಿಯ ನೆಲೆ ಎಲ್ಲಿ ಎಂಬ ಪ್ರಶ್ನೆಗೆ ಇನ್ನು ಅರ್ಥವಿಲ್ಲವೆಂದನು. ಆದರೂ ಆವರ್ತನವು ಗಾಡಿಯ ಓಟದಂತಲ್ಲ. ಕಲ್ಲು ತಿರುಗುತ್ತಿದೆಯೆಂಬುದನ್ನು ಅಂಚಿನಿಂದ ಚಿಮ್ಮುವ ಹಿಟ್ಟೇ ಸಾರುವುದು.

ಹಾಗಾದರೆ ಸೈಕಲ್ಲಿನ ಡೈನಮೋದಲ್ಲಿ ಅಯಸ್ಕಾಂತವೇ ತಿರುಗಿ ದೀಪವುರಿಯುವುದೆಂತು? ಅಲ್ಲಿ ಉತ್ತರ ದಕ್ಷಿಣ ಧ್ರುವಗಳು ಸುರುಳಿಯ ಮುಂದೆ ಸರದಿಯಂತೆ ಹಾಯುವುದರಿಂದ ಕ್ಷೇತ್ರವು ಬದಲಾಗುತ್ತಲೇ ಇರುವುದು.

ಚಿತ್ತಾಪುರದ ಅಥವಾ ಶಹಾಬಾದಿನ ಹುಡುಗನೊಬ್ಬನು ತರಗತಿಯಲ್ಲೆದ್ದು, ‘ಎರಡೂ ಕೂಡಿ ತಿರುಗಿದರೆ?’ ಎಂದು ಕೇಳಿದರೆ, ಸೂತ್ರವನ್ನು ಮತ್ತೊಮ್ಮೆ ಒಪ್ಪಿಸಿ ಅವನನ್ನು ಕೂರಿಸುವುದು ಅನ್ಯಾಯ. ಲೆಕ್ಕವು ಸರಿಬಂದ ಮಾತ್ರಕ್ಕೆ ವಿವರಣೆಯು ಸಿದ್ಧಿಸಿತೆಂದು ತಿಳಿಯಲಾಗದು. ತಟ್ಟೆಯನ್ನು ಅವನ ಕೈಗೇ ಕೊಟ್ಟು ತಿರುಗಿಸಹೇಳುವುದು ಉಪಾಧ್ಯಾಯರಾದ ನಮ್ಮೆಲ್ಲರ ಕರ್ತವ್ಯವು.