ಅಂಬಲಿ ಹಲಸಿನಿಂದ ಮನೆಯಲ್ಲೇ ಕೇಕ್

(ಗ್ರಾಮೀಣ ಮಹಿಳೆಯರ ತರಬೇತಿ ಶಿಬಿರವೊಂದರಲ್ಲಿ ಪ್ರಾತ್ಯಕ್ಷಿಕೆಯೊಡನೆ ನೀಡಿದ ಉಪನ್ಯಾಸದ ಬರಹರೂಪ)



ಸಭೆ ಸೇರುವ ಹೊತ್ತಿಗೇ ಆ ಮೂಲೆಯ ಒಲೆಯ ಮೇಲೆ ಒಂದು ಪಾತ್ರೆ ಇಟ್ಟು ಮುಚ್ಚಿದ್ದೇವೆ. ಅದರೊಳಗೆ ಹಲಸಿನ ಹಣ್ಣಿನ ಕೇಕ್ ಬೇಯುತ್ತಿದೆ. ಮುಕ್ಕಾಲು ಗಂಟೆ ಬೇಕು. ಅಲ್ಲಿಯವರೆಗೆ ಯಾರೂ ಮುಚ್ಚಳ ತೆಗೆಯಬಾರದು, ಮಕ್ಕಳಿಗೂ ಹೇಳಿಡಿ. ಅದು ಬೇಯುವಷ್ಟು ಹೊತ್ತು ನನ್ನ ಮಾತು.

ನಾನು ಬೇಸಾಯಶಾಸ್ತ್ರದ ಉಪನ್ಯಾಸಕ. ರಾಗಿಯ ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬಿಡಬೇಕು, ಕಳೆ ಯಾವಾಗ ತೆಗೆಯಬೇಕು ಎಂದು ಕೇಳಿದರೆ ಉತ್ತರ ಹೇಳುವವನು. ಗೃಹವಿಜ್ಞಾನದವರು ಇರುವಾಗ ಇವನಿಗೇಕೆ ಕೇಕಿನ ಉಸಾಬರಿ ಎಂದು ನೀವು ಅಂದುಕೊಂಡರೆ ತಪ್ಪಲ್ಲ. ಅದಕ್ಕೆ ನಮ್ಮ ಅಕ್ಕ ಕಾರಣ.

ಅಕ್ಕನನ್ನು ಕೊಟ್ಟಿರುವುದು ತುಮಕೂರು ಜಿಲ್ಲೆಯ ಒಂದು ಹಳ್ಳಿಗೆ. ಅವರ ತೋಟದ ಬದುವಿನಲ್ಲಿ ಐದಾರು ಹಲಸಿನ ಮರಗಳಿವೆ. ಹೀಚು ಬಿಟ್ಟಾಗಲೇ ವ್ಯಾಪಾರಿ ಬಂದು, ಮರಕ್ಕೆ ಇಷ್ಟು ಎಂದು ಮಾತಾಡಿ ಗುತ್ತಿಗೆ ಹಿಡಿಯುತ್ತಾನೆ. ಆದರೆ ಹಿತ್ತಲಿನ ಒಂದು ಮರವನ್ನು ಮಾತ್ರ ಅವನು ಯಾವ ವರ್ಷವೂ ಮುಟ್ಟಲಿಲ್ಲ. ಏಕೆಂದರೆ ಅದು ಅಂಬಲಿ ಹಲಸು. ನಿಮಗೆ ತಿಳಿದೇ ಇದೆ, ಹಲಸಿನಲ್ಲಿ ಎರಡು ಬಗೆ. ತೊಳೆ ಗಟ್ಟಿಯಾಗಿ, ಕಚ್ಚಿದರೆ ಕರಕರ ಎನ್ನುವುದು ಬಕ್ಕೆ. ಹಣ್ಣಾದರೆ ಕೈಯಲ್ಲೇ ಜಾರಿಹೋಗುವಷ್ಟು ಮೆತ್ತಗಾಗುವುದು ಅಂಬಲಿ. ಕರಾವಳಿಯ ಕಡೆ ತುಳುವ ಎನ್ನುತ್ತಾರೆ. ಬಕ್ಕೆಯನ್ನು ಲಾರಿಗೆ ಹೇರಿ ಬೆಂಗಳೂರಿಗೆ ಕಳಿಸಬಹುದು, ರಸ್ತೆ ಬದಿಯಲ್ಲಿ ಬಿಡಿಸಿ ತೊಳೆ ಲೆಕ್ಕದಲ್ಲಿ ಮಾರಬಹುದು. ಅಂಬಲಿಗೆ ಆ ಯೋಗವಿಲ್ಲ. ರುಚಿಯಲ್ಲಿ ಅದು ಜೇನೇ ಇರಲಿ, ಮರದಿಂದ ಬಿದ್ದು, ಒಡೆದು, ನೊಣ ಮುತ್ತಿ, ಕೊನೆಗೆ ದನದ ಪಾಲು. ಮಳೆ ಹಿಡಿದರಂತೂ ಹಿತ್ತಲಿಗೆ ಕಾಲಿಡುವಂತಿಲ್ಲ.

ಕೆಲವು ವರ್ಷಗಳ ಹಿಂದೆ ಭಾವನವರು ಆ ಮರವನ್ನು ಕಡಿಸಿಬಿಡುವ ಯೋಚನೆ ಮಾಡಿದ್ದರು. ಹಲಸಿನ ನಾಟಾಕ್ಕೆ ಬೆಲೆ ಇದೆ. ಬಾಗಿಲು, ಕಂಬಗಳಿಗೆ ಮಾತ್ರವಲ್ಲ, ವೀಣೆ ಮೃದಂಗಗಳಿಗೂ ಅದೇ ಮರ ಬೇಕು. ಅದೇ ವರ್ಷ ಅಕ್ಕ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಆ ಮರದ ಹಣ್ಣಿನಿಂದಲೇ ಒಂದು ಕೇಕ್ ಮಾಡಲು ಹೋದಳು. ಮೇಲೆ ಕಂದು ಬಣ್ಣ ಬಂತು, ಉಬ್ಬಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಳಗಿಳಿಸಿದ ಐದು ನಿಮಿಷಕ್ಕೆ ನಡುವೆ ಕುಸಿದು ಕುಳಿಯಾಯಿತು. ಕತ್ತರಿಸಿದರೆ ಒಳಗೆಲ್ಲ ಹಸಿ ಅಂಬಲಿ. ಮಗು ಅಳತೊಡಗಿತು. ಅಕ್ಕ ನನ್ನ ಕಡೆ ತಿರುಗಿ, "ಹೆಸರಿನ ಮುಂದೆ ಡಾಕ್ಟ್ರು ಅಂತ ಹಾಕ್ಕೊಂಡಿದ್ದೀಯಲ್ಲ, ಇದು ಯಾಕೆ ಕೂತ್ಕಂತು ಹೇಳು ನೋಡಾಣ" ಎಂದಳು. ನನಗೆ ಹೇಳಲು ಬರಲಿಲ್ಲ. ರಾಗಿಯ ಮೇಲೆ ಪ್ರಬಂಧ ಬರೆದವನಿಗೆ ಕೇಕ್ ಏಕೆ ಕುಸಿಯಿತು ಎಂಬುದು ಗೊತ್ತಿರಬೇಕಾಗಿಲ್ಲ, ನಿಜ. ಆದರೂ ಆ ಮಗುವಿನ ಮುಖ ನೋಡಿ ನನಗೆ ನಾಚಿಕೆಯಾಯಿತು.

ಬೆಂಗಳೂರಿಗೆ ಹಿಂದಿರುಗಿದ ಮೇಲೆ ಬೇಕರಿ ಕೆಲಸ ಬಲ್ಲವರನ್ನು ಕೇಳಿದೆ. ನಮ್ಮ ಕೃಷಿ ವಿಶ್ವವಿದ್ಯಾನಿಲಯದಲ್ಲೇ, ಹೆಬ್ಬಾಳದ ಆವರಣದಲ್ಲಿ, ಬೇಕರಿ ತರಬೇತಿಯ ಘಟಕವಿದೆ ಎಂಬುದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರಲಾರದು. ಕೇಳಿ ತಿಳಿದುದನ್ನು ನಮ್ಮ ಮನೆಯ ಅಡುಗೆಮನೆಯಲ್ಲಿ ಮಾಡಿ ನೋಡಿ, ಎರಡು ಮೂರು ಸಲ ಕೆಡಿಸಿ, ಆಮೇಲೆ ಅರ್ಥ ಮಾಡಿಕೊಂಡದ್ದು ಇಷ್ಟು: ತಪ್ಪು ಅಕ್ಕನದಲ್ಲ, ಒಲೆಯದಲ್ಲ, ಸೋಡಾದ್ದೂ ಅಲ್ಲ. ತಪ್ಪು ಲೆಕ್ಕಕ್ಕೆ ಬಾರದ ನೀರಿನದು.

ಹಲಸಿನ ತೊಳೆಯ ತೂಕದಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಪಾಲು ನೀರು. ಒಂದು ಕಿಲೋ ಹಣ್ಣು ಹಾಕಿದೆವೆಂದರೆ ಮುಕ್ಕಾಲು ಲೀಟರಿನಷ್ಟು ನೀರು ಹಾಕಿದಂತೆಯೇ. ಹಿಟ್ಟಿಗೆ ಹಾಲು ಮೊಸರು ಅಳೆದು ಹಾಕುವ ನಾವು ಹಣ್ಣಿನ ನೀರನ್ನು ಅಳೆಯುವುದಿಲ್ಲ. ಕೇಕ್ ಬೇಯುವಾಗ ಆಗುವುದೇನು? ಸೋಡಾದಿಂದ ಹುಟ್ಟಿದ ಗಾಳಿ ಸಣ್ಣ ಸಣ್ಣ ಗುಳ್ಳೆಗಳಾಗಿ ಹಿಟ್ಟನ್ನು ಎತ್ತುತ್ತದೆ. ಆ ಗುಳ್ಳೆ ಇರುವಾಗಲೇ ಅದರ ಸುತ್ತಲಿನ ಹಿಟ್ಟು ಬೆಂದು ಗಟ್ಟಿಯಾದರೆ ಕೇಕ್ ನಿಲ್ಲುತ್ತದೆ. ನೀರು ಹೆಚ್ಚಾದರೆ ಮೇಲಿನ ಮತ್ತು ಅಂಚಿನ ಭಾಗ ಬೆಂದರೂ ನಡುವಿನ ಹಿಟ್ಟು ಗಟ್ಟಿಯಾಗಲು ತಡವಾಗುತ್ತದೆ. ಅಷ್ಟರಲ್ಲಿ ಗಾಳಿ ಹೊರಟುಹೋಗಿರುತ್ತದೆ. ಹಣ್ಣಿನ ಸಕ್ಕರೆ, ಬೆಲ್ಲ ಎರಡೂ ಸೇರಿ ಈ ಬೇಯುವಿಕೆಯನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತವೆ. ಕುಳಿ ಬೀಳುವುದು ಹೀಗೆ.

ಆದ್ದರಿಂದ ಅಂಬಲಿ ಹಣ್ಣನ್ನು ಹಾಗೇ ಕಲಸಬೇಡಿ. ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿ ತೊಳೆ ಬಿಡಿಸಿ, ಬೀಜ ತೆಗೆದು, ದೊಡ್ಡ ಕಣ್ಣಿನ ಜರಡಿಯಲ್ಲಿ ಉಜ್ಜಿ ನಾರನ್ನು ಬೇರ್ಪಡಿಸಿ. ಬಂದ ರಸವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮಗುಚುತ್ತಾ ಬತ್ತಿಸಬೇಕು. ಒಂದು ಕಿಲೋ ರಸ 700 ಗ್ರಾಮಿಗೆ ಇಳಿದರೆ 300 ಗ್ರಾಂ ನೀರು ಹೋಯಿತೆಂದು ಲೆಕ್ಕ. ತಕ್ಕಡಿ ಇಲ್ಲದವರು ಸೌಟಿನಲ್ಲಿ ಎತ್ತಿ ನೋಡಿ: ಧಾರೆಯಾಗಿ ಸುರಿಯದೆ ತುಂಡು ತುಂಡಾಗಿ ಬೀಳಬೇಕು. ಉಳುಮೆಗೆ ಮುನ್ನ ನೀವು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ, ಕೆಳಗೆ ಬಿಟ್ಟು ಹದ ನೋಡುವುದಿಲ್ಲವೇ? ಇದೂ ಅದೇ ಹದ. ಪೂರಾ ಆರಿದ ಮೇಲೆಯೇ ಬಳಸಬೇಕು.

ಮರದಿಂದ ಬಿದ್ದು ಒಂದು ರಾತ್ರಿ ಕಳೆದ, ಹುಳಿ ವಾಸನೆ ಬಂದ ಹಣ್ಣು ಬೇಡ. ಅದನ್ನು ಬತ್ತಿಸಿದರೂ ವಾಸನೆ ಹೋಗುವುದಿಲ್ಲ. ಮುಳ್ಳು ಅಗಲವಾಗಿ, ತಟ್ಟಿದರೆ ಡಬ್ ಎಂದು ಟೊಳ್ಳು ಶಬ್ದ ಬರುವ ಕಾಯಿಯನ್ನು ಹಗ್ಗ ಕಟ್ಟಿ ಇಳಿಸಿ, ಹುಲ್ಲಿನಲ್ಲಿ ಇಟ್ಟು ಮನೆಯಲ್ಲೇ ಹಣ್ಣು ಮಾಡಿ.

ಈಗ ಅಳತೆ. ಕಾಲು ಕಿಲೋ ಸಣ್ಣ ರವೆಗೆ ಅಷ್ಟೇ ತೂಕದ ಬತ್ತಿಸಿದ ಹಣ್ಣು. ರವೆ ಎಷ್ಟೋ ಹಣ್ಣು ಅಷ್ಟು, ಇದೊಂದನ್ನು ಮನಸ್ಸಿನಲ್ಲಿಟ್ಟರೆ ಸಾಕು. ಬೆಲ್ಲದ ಪುಡಿ 150 ಗ್ರಾಂ, ಹಣ್ಣು ಬಹಳ ಸಿಹಿಯಾಗಿದ್ದರೆ ಇನ್ನೂ ಕಡಿಮೆ. ಹುಳಿ ಮೊಸರು 100 ಗ್ರಾಂ, ಕರಗಿಸಿದ ತುಪ್ಪ ಅಥವಾ ವಾಸನೆಯಿಲ್ಲದ ಎಣ್ಣೆ 75 ಗ್ರಾಂ, ಅರ್ಧ ಹೋಳು ತೆಂಗಿನಕಾಯಿಯ ತುರಿ, ಎರಡು ಮೂರು ಏಲಕ್ಕಿ, ಚಿಟಿಕೆ ಉಪ್ಪು. ಇವನ್ನೆಲ್ಲ ಕಲಸಿ ಒಂದು ಗಂಟೆ ಮುಚ್ಚಿಡಬೇಕು. ರವೆ ನೀರು ಕುಡಿಯಲು ನಿಧಾನ. ಅವಸರ ಮಾಡಿದರೆ ಕೇಕ್ ತಿನ್ನುವಾಗ ಹಲ್ಲಿಗೆ ಮರಳು ಸಿಕ್ಕಂತೆ ಆಗುತ್ತದೆ. ಗಂಟೆ ಕಳೆದ ಮೇಲೆ ಇಡ್ಲಿ ಹಿಟ್ಟಿನ ಹದ ಇರಬೇಕು. ಗಟ್ಟಿಯೆನಿಸಿದರೆ ಮಾತ್ರ ಒಂದೆರಡು ಚಮಚ ಹಾಲು. ಕೊನೆಗೆ ಅರ್ಧ ಚಹಾ ಚಮಚ ಅಡುಗೆ ಸೋಡ ಸೇರಿಸಿ, ಒಮ್ಮೆ ಕಲಸಿ, ಕೂಡಲೇ ಪಾತ್ರೆಗೆ ಸುರಿಯಿರಿ. ಸೋಡ ಮೊಸರಿನ ಹುಳಿಯನ್ನು ಕಂಡ ಕ್ಷಣದಿಂದ ಗಾಳಿ ಬಿಡತೊಡಗುತ್ತದೆ. ಕಲಸಿಟ್ಟು ನೆಂಟರನ್ನು ಮಾತಾಡಿಸಲು ಹೋದರೆ ಆ ಗಾಳಿ ಅಡುಗೆಮನೆಯಲ್ಲೇ ಹೋಗುತ್ತದೆ. ಚೆನ್ನಾಗಿ ಉಬ್ಬಲಿ ಎಂದು ಸೋಡ ಹೆಚ್ಚು ಹಾಕುವುದು ಎಲ್ಲರೂ ಮಾಡುವ ತಪ್ಪು. ಸಾಬೂನಿನ ರುಚಿ ಬರುತ್ತದೆ, ಅಷ್ಟೇ ಲಾಭ.

ಮೊಟ್ಟೆ ಬೇಡವೇ ಎಂದು ಕೇಳುತ್ತೀರಿ. ಹಾಕುವವರು ಒಂದೆರಡು ಹಾಕಬಹುದು. ಆಗ ಮೊಸರನ್ನು ಅರ್ಧಕ್ಕೆ ಇಳಿಸಬೇಕು, ಮೊಟ್ಟೆಯಲ್ಲೂ ನೀರಿದೆ. ಹಾಕದವರಿಗೆ ನಷ್ಟವಿಲ್ಲ. ಹಾಸನದ ಕಡೆಯಿಂದ ಬಂದು ಊರೂರಿನಲ್ಲಿ ಬೇಕರಿ ತೆರೆದ ಅಯ್ಯಂಗಾರರು ಮೊಟ್ಟೆಯಿಲ್ಲದ ಕೇಕನ್ನೇ ನಾಡಿಗೆಲ್ಲ ತಿನ್ನಿಸಿಲ್ಲವೇ? ರಾಗಿ ಹಿಟ್ಟು ಸೇರಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ನನ್ನ ಕಸುಬಿನದು. ಸೇರಿಸಬಹುದು, ರವೆಯ ಕಾಲು ಭಾಗದಷ್ಟು. ಗೋಧಿಯಲ್ಲಿ ಗ್ಲುಟೆನ್ ಎಂಬ ಜಿಗಿ ಇದೆ, ಗಾಳಿಯನ್ನು ಹಿಡಿದಿಡಲು ಅದು ನೆರವಾಗುತ್ತದೆ. ರಾಗಿಯಲ್ಲಿ ಅದಿಲ್ಲ. ರಾಗಿಯ ಮೇಲೆ ನನಗೆ ಎಷ್ಟೇ ಅಭಿಮಾನವಿದ್ದರೂ ಪೂರಾ ರಾಗಿಯ ಕೇಕ್ ಪುಡಿಯಾಗುತ್ತದೆ ಎಂದು ಹೇಳಲೇಬೇಕು.

ಇನ್ನು ಒಲೆ. ವಿದ್ಯುತ್ ಓವನ್ ಇದ್ದವರು ಅದರಲ್ಲೇ ಮಾಡಲಿ. ಇಲ್ಲದವರು ಮನೆಯಲ್ಲಿ ಮೂಲೆಗೆ ಬಿದ್ದಿರುವ ದಪ್ಪ ತಳದ ಹಳೆಯ ಪಾತ್ರೆ ತೆಗೆದುಕೊಳ್ಳಿ. ಹೊಳೆ ಮರಳನ್ನು ತೊಳೆದು, ಚೆನ್ನಾಗಿ ಒಣಗಿಸಿ, ಎರಡು ಬೆರಳು ದಪ್ಪ ಹರಡಿ. ಅದರ ಮೇಲೆ ಒಂದು ಸಣ್ಣ ಸಿಂಬೆಯಂಥ ಲೋಹದ ಬಳೆ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ತುಪ್ಪ ಸವರಿದ ಕೇಕ್ ಪಾತ್ರೆಯನ್ನು ಒಳಗಿಟ್ಟು, ಉರಿ ಸಣ್ಣದು ಮಾಡಿ 45ರಿಂದ 50 ನಿಮಿಷ ಬೇಯಿಸಿ. ಕೇಕ್ ಪಾತ್ರೆಗೆ ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ಮಾತ್ರ ಹಿಟ್ಟು ತುಂಬಬೇಕು. ಸೌದೆ ಒಲೆಯಾದರೆ ಉರಿ ತೆಗೆದು ಕೆಂಡ ಉಳಿಸಿ, ಮುಚ್ಚಳದ ಮೇಲೂ ನಾಲ್ಕು ಕೆಂಡ ಹಾಕಿ. ಮೇಲೂ ಬಣ್ಣ ಬರುತ್ತದೆ. ಕುಕ್ಕರ್ ಬಳಸುವವರು ಒಂದು ಮಾತು ಖಂಡಿತ ನೆನಪಿಡಬೇಕು: ರಬ್ಬರ್ ಗ್ಯಾಸ್ಕೆಟ್ಟನ್ನೂ ಮೇಲಿನ ತೂಕವನ್ನೂ ತೆಗೆದಿಟ್ಟೇ ಒಲೆಗೇರಿಸಬೇಕು, ಒಳಗೆ ನೀರು ಹಾಕಬಾರದು. ನೀರಿಲ್ಲದೆ ಕಾಯಿಸಿದ ಕುಕ್ಕರ್ ಕ್ರಮೇಣ ಹಾಳಾಗುತ್ತದೆ, ಆದ್ದರಿಂದ ದಿನಬಳಕೆಯದು ಬೇಡ.

ಬೇರೆ ಹಣ್ಣುಗಳ ಬಗ್ಗೆ ಎರಡೇ ಮಾತು. ಸಿಪ್ಪೆ ಕಪ್ಪಾದ ಬಾಳೆಹಣ್ಣಿಗೆ ಬತ್ತಿಸುವ ಕೆಲಸವಿಲ್ಲ, ಕಿವುಚಿ ಹಾಕಿದರಾಯಿತು. ಮಾವಿನಲ್ಲಿ ನೀರು ಹಲಸಿಗಿಂತ ಹೆಚ್ಚು, ಅದನ್ನು ಬತ್ತಿಸಲೇಬೇಕು. ಪರಂಗಿಯಲ್ಲಿ ಇನ್ನೂ ಹೆಚ್ಚು, ಅದರ ಗೋಜು ಬೇಡ. ಅನಾನಸನ್ನು ಮಾತ್ರ ಹಸಿಯಾಗಿ ಎಂದೂ ಹಾಕಬೇಡಿ. ಅದರಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದೆ, ಹಾಲು ಮೊಸರಿನ ಸಸಾರಜನಕವನ್ನು ಕಡಿದು ಕಹಿ ಮಾಡುತ್ತದೆ. ಸಕ್ಕರೆಯೊಡನೆ ಹತ್ತು ನಿಮಿಷ ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ.

ಈ ಕೇಕ್ ಮಾಡಿ ಮಾರಿ ಶ್ರೀಮಂತರಾಗಿ ಎಂದು ನಾನು ಹೇಳಲು ಬಂದಿಲ್ಲ. ಹಸಿ ಹಣ್ಣಿನ ಕೇಕ್ ಮಳೆಗಾಲದಲ್ಲಿ ಎರಡು ದಿನಕ್ಕಿಂತ ಹೆಚ್ಚು ಹೊರಗಿಟ್ಟರೆ ಬೂಸಲು ಹಿಡಿಯುತ್ತದೆ. ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಒಂದೇ ದಿನ. ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿ ಮಾಡಿಸಬೇಕು, ದಿನಾಂಕ ಬರೆದು ಅಂಟಿಸಬೇಕು. ಇಡಬಹುದಾದದ್ದು ಬತ್ತಿಸಿದ ಹಣ್ಣು. ದಕ್ಷಿಣ ಕನ್ನಡದವರು ಅದಕ್ಕೆ ಬೆಲ್ಲ ಸೇರಿಸಿ, ತಳ ಬಿಡುವವರೆಗೆ ಕಾಯಿಸಿ, ಬೆರಟಿ ಮಾಡಿ ತಿಂಗಳುಗಟ್ಟಲೆ ಇಡುತ್ತಾರೆ. ಬೆರಟಿ ಇದ್ದರೆ ದೀಪಾವಳಿಗೂ ಹಲಸಿನ ಕೇಕ್ ಆಗುತ್ತದೆ. ಆಗ ಬೆಲ್ಲ ಹಾಕಬೇಡಿ, ಹಾಲು ಹೆಚ್ಚು ಬೇಕು.

ಹಿತ್ತಲ ಮರದ ಮಾತಿಗೆ ಬರುತ್ತೇನೆ. ಹಲಸಿನಲ್ಲಿ ಬೀಜದಿಂದ ಬಂದ ಗಿಡ ತಾಯಿಯಂತೆ ಇರುತ್ತದೆಂಬ ಭರವಸೆ ಇಲ್ಲ; ಪರಾಗ ಬೇರೆ ಮರದ್ದಾಗಿರುತ್ತದೆ. ಆದ್ದರಿಂದ ಹಿತ್ತಲಿನ ಒಂದೊಂದು ಮರವೂ ತನ್ನದೇ ಒಂದು ತಳಿ ಇದ್ದಂತೆ. ಕಡಿದರೆ ಆ ರುಚಿ ಮತ್ತೆ ಹುಟ್ಟುವುದಿಲ್ಲ. ಉಳಿಸುವ ದಾರಿ ಕಸಿ ಮಾತ್ರ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಮರವನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದ್ದರಿಂದಲೇ ತಾಮ್ರಗೆಂಪು ತೊಳೆಯ 'ಸಿದ್ದು' ಹಲಸು ಕಸಿಗಿಡವಾಗಿ ರೈತರ ಕೈ ಸೇರಿತು. ಅದೂ ಯಾರೋ ಕಡಿಯದೆ ಬಿಟ್ಟ ಮರ. ನಮ್ಮ ಅಕ್ಕನ ಮರ ಅಂಥದ್ದೇನಲ್ಲ ಎಂದೇ ಇಟ್ಟುಕೊಳ್ಳೋಣ. ಕೇಕಿನಿಂದಾಗಿ ಅದು ಉಳಿಯಿತು ಎಂದು ಹೇಳಿದರೂ ಸುಳ್ಳಾಗುತ್ತದೆ. ಆ ವರ್ಷ ನಾಟಾದವನು ಹೇಳಿದ ಬೆಲೆ ಭಾವನವರಿಗೆ ಒಪ್ಪಿಗೆಯಾಗಲಿಲ್ಲ. ಮರುವರ್ಷ ಅಕ್ಕ ಹಣ್ಣು ಬತ್ತಿಸಿ ಕೇಕ್ ಮಾಡಿದಳು, ಅದು ಕೂರಲಿಲ್ಲ. ಭಾವನವರು ಎರಡು ತುಂಡು ತಿಂದರು. ಮರದ ಮಾತು ಎತ್ತಲಿಲ್ಲ. ಈಗ ಅದರಿಂದ ಕುಡಿ ತೆಗೆದು ಎರಡು ಕಸಿ ಕಟ್ಟಿಸಿದ್ದೇವೆ, ಒಂದು ಹಿಡಿದಿದೆ.

ಸಮಯವಾಯಿತು. ಯಾರಾದರೂ ಒಂದು ತೆಳು ಕಡ್ಡಿ ಕೊಡಿ. ನಡುವೆ ಚುಚ್ಚಿ ಎಳೆದಾಗ ಹಸಿ ಹಿಟ್ಟು ಅಂಟಿಕೊಂಡು ಬಂದರೆ ಇನ್ನು ಐದು ನಿಮಿಷ, ಒಣಗಿ ಬಂದರೆ ಇಳಿಸುವುದು. ಇಳಿಸಿದ ಮೇಲೂ ಅರ್ಧ ಗಂಟೆ ಕತ್ತರಿಸಬಾರದು. ಅಷ್ಟರಲ್ಲಿ ನಿಮ್ಮ ಪ್ರಶ್ನೆಗಳನ್ನು ಕೇಳಿ.