ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ?



ಕರ್ನಾಟಕ ವಿಧಾನಸಭೆಗೆ 2023ರ ಮೇ 10ರಂದು ಮತದಾನ ನಡೆಯಿತು. ಅದರ ಅವಧಿ 2028ರಲ್ಲಿ ಮುಗಿಯುತ್ತದೆ. 224 ಸ್ಥಾನಗಳ ಮುಂದಿನ ಚುನಾವಣೆಯಲ್ಲಿ ನಿಮ್ಮಲ್ಲಿ ಅನೇಕರು ಮೊದಲ ಬಾರಿ ಮತ ಹಾಕುವಿರಿ.

ಯಾರಿಗೆ ಮತ ಹಾಕಬೇಕೆಂಬುದು ನಿಮ್ಮ ವಿವೇಕಕ್ಕೆ ಬಿಟ್ಟದ್ದು. ಆದರೆ ಗುರುತಿನ ಚೀಟಿ ಕೈಯಲ್ಲಿದ್ದರಷ್ಟೇ ಸಾಲದು, ಹೆಸರು ಮತದಾರರ ಪಟ್ಟಿಯಲ್ಲಿರಬೇಕು. 17 ವರ್ಷ ತುಂಬಿದವರು ನಮೂನೆ 6ರಲ್ಲಿ ಮುಂಚಿತವಾಗಿಯೇ ಅರ್ಜಿ ಸಲ್ಲಿಸಬಹುದು.

ಉರ್ದುವಿನಲ್ಲಿ ಒಂದೇ ಆಗಿರುವ ಹೆಸರು ಕನ್ನಡದಲ್ಲಿ ಮಹಮದ್, ಮೊಹಮ್ಮದ್ ಎಂದು ಎರಡಾಗುತ್ತದೆ. ಇಂಥ ತಪ್ಪನ್ನೂ, ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕನ ವಿಳಾಸವನ್ನೂ ನಮೂನೆ 8ರಲ್ಲಿ ಸರಿಪಡಿಸಿಕೊಳ್ಳಬಹುದು.

ಓದು ಬಲ್ಲ ನೀವು ಇಂದೇ ಮನೆಯವರೆಲ್ಲರ ಹೆಸರು ನೋಡಿರಿ. ಮತಗಟ್ಟೆಯಿಂದ ಅಜ್ಜಿ ಬರಿಗೈಯಲ್ಲಿ ಹಿಂದಿರುಗಿದ ಮೇಲೆ ನೋಡಿ ಫಲವಿಲ್ಲ.

ಖುದಾ ಹಾಫಿಜ್.